ಗುಡ್ಡ ಹತ್ತುವ ಮುನ್ನ ಗಾಳಿ ಇಳಿಸಿ

ಕಿನ್ನಾಳದ ಕಾಲೇಜು ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆ ಇದು: "ಸರ್, ನಾವು ಗೆಳೆಯರೆಲ್ಲ ರವಿವಾರ ಗೇರ್ ಸೈಕಲ್ ತಗೊಂಡು ಗುಡ್ಡಕ್ಕ ಹೋಗ್ತೀವ್ರಿ. ನಾ ಟೈರಿಗೆ ಕಲ್ಲಿನಂಗ ಗಾಳಿ ತುಂಬಿಸಿರ್ತೀನಿ. ಆದ್ರೂ ಏರಿನ್ಯಾಗ ಗಾಲಿ ಜಾರತೈತಿ. ಒಬ್ಬ ಗೆಳೆಯ ಅರ್ಧ ಗಾಳಿ ಬಿಟ್ಟು ನನ್ನ ದಾಟಿ ಹೋಗ್ತಾನ. ಇದು ಹೆಂಗ್ರಿ?"

ಬಹಳ ಚಂದದ ಪ್ರಶ್ನೆ. ಯಾಕೆಂದರೆ ಇದರ ಉತ್ತರ ನಮ್ಮ ಎಲ್ಲ ಪಂಕ್ಚರ್ ಅಂಗಡಿಗಳ ತಿಳಿವಳಿಕೆಗೆ ಎದುರು ನಿಲ್ಲುತ್ತದೆ. "ಗಾಳಿ ಗಟ್ಟಿ ಇದ್ರ ಗಾಡಿ ಹಗರ ಓಡತೈತಿ" ಎಂದು ಹೇಳದ ಅಂಗಡಿಯವರನ್ನು ನಾನು ಕಂಡಿಲ್ಲ. ನುಣುಪಾದ ಡಾಂಬರು ರಸ್ತೆಯ ಮಟ್ಟಿಗೆ ಅವರ ಮಾತು ದಿಟ. ಟೈರು ನೆಲಕ್ಕೆ ಒತ್ತಿಕೊಂಡಾಗಲೆಲ್ಲ ರಬ್ಬರು ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಈ ಕಸರತ್ತಿನಲ್ಲಿ ನಮ್ಮ ಶಕ್ತಿಯ ಒಂದು ಪಾಲು ಶಾಖವಾಗಿ ಹೋಗಿಬಿಡುತ್ತದೆ. ಗಾಳಿ ಹೆಚ್ಚಿದ್ದರೆ ಬಾಗುವುದು ಕಡಿಮೆ, ನಷ್ಟವೂ ಕಡಿಮೆ. ಆದರೆ ಗುಡ್ಡದ ಕಾಲುದಾರಿಗೆ ಈ ಲೆಕ್ಕ ಒಪ್ಪುವುದಿಲ್ಲ.

ಆ ಹುಡುಗರ ಜೊತೆಗೇ ಒಂದು ದಿನ ಹೊರಟೆ. ಸೈಕಲ್ಲುಗಳನ್ನು ಟಾಟಾ ಏಸ್‌ಗೆ ಹೇರಿಕೊಂಡು ಗಂಗಾವತಿ ಕಡೆ ಹೋಗಿ, ಹಿರೇಬೆಣಕಲ್ಲಿನ ಸುತ್ತಲ ಕುರುಚಲು ಕಾಡಿನಲ್ಲಿ ಕುರಿಗಾಹಿಗಳು ಓಡಾಡುವ ದಾರಿ ಹಿಡಿದೆವು. ಕೊಪ್ಪಳದಿಂದ ಆನೆಗೊಂದಿಯವರೆಗೆ ಹರಡಿರುವ ಈ ಕಗ್ಗಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಬಿಸಿಲು, ಮಳೆಗೆ ಈ ಗ್ರಾನೈಟು ಸವೆಯುವ ಬಗೆಯೇ ವಿಚಿತ್ರ. ಅದರೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ನಿಧಾನವಾಗಿ ಕೊಳೆತು ಜೇಡಿಯಾಗುತ್ತದೆ. ಬೆಣಚುಕಲ್ಲಿನ ಕಾಳು ಮಾತ್ರ ಕೊಳೆಯದೆ ಉದುರುತ್ತದೆ. ಅದೇ ನಮ್ಮ ಗರಸು. ಹೀಗಾಗಿ ಇಲ್ಲಿಯ ದಾರಿಯಲ್ಲಿ ಒಂದು ಮಾರು ಗಟ್ಟಿ ಬಂಡೆ, ಮುಂದಿನ ಮಾರು ಸಡಿಲ ಗರಸು. ಟೈರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ. ಪ್ರಶ್ನೆ ಕೇಳಿದ ಹುಡುಗನ ಗಾಲಿ ಗರಸಿನ ಏರಿನಲ್ಲಿ ಸುಮ್ಮನೆ ನಿಂತಲ್ಲೇ ಸುತ್ತುತ್ತಿತ್ತು. ಗಾಳಿ ಬಿಟ್ಟವನ ಗಾಲಿ ನೆಲವನ್ನು ಹಿಡಿದು ಮೇಲೇರುತ್ತಿತ್ತು.

ಮೆತ್ತನೆಯ ಗಾಲಿ ಹಗುರ ಓಡಬಲ್ಲದು ಎಂಬ ಸಂಗತಿ ಗಾಳಿ ಟೈರಿನಷ್ಟೇ ಹಳೆಯದು. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನ ಎಂಜಿನಿಯರು 1845ರಲ್ಲೇ ಗಾಳಿ ತುಂಬಿದ ಗಾಲಿಗೆ ಪೇಟೆಂಟ್ ಪಡೆದಿದ್ದ. ಜನ ಅದನ್ನು ಮರೆತರು. 1888ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ದನಕರುಗಳ ವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಹಿಡಿದ. ಅವನು ಮಾಡಿದ ಪ್ರಯೋಗ ಎಷ್ಟು ಸರಳ ನೋಡಿ. ಗಟ್ಟಿ ರಬ್ಬರಿನ ಒಂದು ಗಾಲಿ. ಗಾಳಿ ತುಂಬಿದ ರಬ್ಬರು ಕೊಳವೆ ಸುತ್ತಿದ ಒಂದು ಮರದ ಚಕ್ರ. ಎರಡನ್ನೂ ಅಂಗಳದಲ್ಲಿ ಉರುಳಿಸಿಬಿಟ್ಟ. ಗಟ್ಟಿ ಗಾಲಿ ನಡುವೆಯೇ ಬಿತ್ತು. ಗಾಳಿಯ ಗಾಲಿ ಅಂಗಳ ದಾಟಿ ಗೇಟಿಗೆ ಬಡಿಯಿತು. ಮರುವರ್ಷವೇ, 1889ರಲ್ಲಿ, ವಿಲ್ಲಿ ಹ್ಯೂಮ್ ಎಂಬ ಸವಾರ ಅದೇ ಊರಿನಲ್ಲಿ ಗಾಳಿ ಟೈರಿನ ಸೈಕಲ್ಲಿನಿಂದ ಪಂದ್ಯಗಳನ್ನು ಗೆದ್ದ. ಮಗನ ಮೈಕೈ ನೋಯದಿರಲೆಂದು ಮಾಡಿದ ಮೆತ್ತನೆಯ ಗಾಲಿ ವೇಗವನ್ನೂ ಕೊಟ್ಟಿತು!

ಯಾಕೆ ಹೀಗೆ? ದಾರಿಯಲ್ಲಿ ಒಂದು ಹರಳು ಸಿಕ್ಕಿತು ಎಂದುಕೊಳ್ಳಿ. ಬಿಗಿ ಟೈರು ಅದರ ಮೇಲೆ ಹತ್ತಿ ಇಳಿಯಲೇಬೇಕು. ಹತ್ತುವಾಗ ಸೈಕಲ್ಲನ್ನೂ ಸವಾರನನ್ನೂ ಒಂದಿಷ್ಟು ಮೇಲೆತ್ತಬೇಕು. ಅದಕ್ಕೆ ಬೇಕಾದ ಶಕ್ತಿ ಬರುವುದು ನಾವು ಮುಂದೆ ಹೋಗಲೆಂದು ತುಳಿದ ಪೆಡಲಿನಿಂದಲೇ. ಇಳಿಯುವಾಗ ಅದು ಪೂರ್ತಿ ಮರಳಿ ಬರುವುದಿಲ್ಲ. ನಮ್ಮ ತೋಳು, ಬೆನ್ನು, ತೊಡೆಗಳು ಅದುರಿ ಅದನ್ನು ಹೀರಿಕೊಳ್ಳುತ್ತವೆ. ಸಂಜೆಯ ಮೈಕೈ ನೋವು ಎಂದರೆ ಹಾಗೆ ಪೋಲಾದ ಶಕ್ತಿಯ ಗುರುತೇ. ಮೆತ್ತನೆಯ ಟೈರು ಹಾಗಲ್ಲ. ಹರಳು ಇದ್ದಷ್ಟು ಜಾಗದಲ್ಲಿ ಮಾತ್ರ ಒಳಗೆ ತಗ್ಗಿ, ಅದನ್ನು ನುಂಗಿಕೊಂಡು ಸಾಗುತ್ತದೆ. ಗಾಲಿಯ ಅಚ್ಚು ಮೇಲೇಳುವುದೇ ಇಲ್ಲ. ರಬ್ಬರು ಬಾಗಿದ್ದಕ್ಕೆ ತುಸು ನಷ್ಟವಾದರೂ ಮೈ ಅದುರುವ ನಷ್ಟದ ಮುಂದೆ ಅದು ಏನೂ ಅಲ್ಲ. ನುಣುಪಾದ ಉಕ್ಕಿನ ಉರುಳೆಯ ಮೇಲೆ ಪರೀಕ್ಷಿಸಿದರೆ ಮಾತ್ರ ಬಿಗಿ ಟೈರು ಸದಾ ಗೆಲ್ಲುತ್ತದೆ. ಅಲ್ಲಿ ಹರಳಿಲ್ಲ, ಸವಾರನೂ ಇಲ್ಲ. ರಸ್ತೆ ಪಂದ್ಯದವರೂ ಇದನ್ನು ಕಲಿತಿದ್ದಾರೆ: 23 ಮಿಲಿಮೀಟರ್ ಅಗಲದ ಕಲ್ಲುಗಟ್ಟಿ ಟೈರು ಬಿಟ್ಟು 28 ಮಿಲಿಮೀಟರ್ ಹಾಗೂ ಅದಕ್ಕೂ ಅಗಲದ ಟೈರಿಗೆ, ಕಡಿಮೆ ಗಾಳಿಗೆ ಬಂದಿದ್ದಾರೆ.

ಇನ್ನು ಜಾರುವ ಮಾತು. ಪಂಕ್ಚರ್ ಅಂಗಡಿಯಲ್ಲಿ ಒಂದು ಪಾಯಿಂಟ್ ಎಂದರೆ ಚದರ ಇಂಚಿಗೆ ಒಂದು ಪೌಂಡಿನ ಒತ್ತಡ. ಹಿಂದಿನ ಗಾಲಿಯ ಮೇಲೆ 50 ಕಿಲೋ ಭಾರವಿದ್ದು, ಗಾಳಿ 50 ಪಾಯಿಂಟ್ ಇದ್ದರೆ ಟೈರು ನೆಲಕ್ಕೆ ತಾಗುವ ಜಾಗ ಸುಮಾರು 14 ಚದರ ಸೆಂಟಿಮೀಟರ್. ಗಾಳಿಯನ್ನು 25ಕ್ಕೆ ಇಳಿಸಿದರೆ ಅದು ಸುಮಾರು 28 ಚದರ ಸೆಂಟಿಮೀಟರ್. ದುಪ್ಪಟ್ಟು!

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಕೈ ಎತ್ತಬೇಕು. "ಘರ್ಷಣೆ ತಾಗುವ ಜಾಗದ ವಿಸ್ತಾರವನ್ನು ಅವಲಂಬಿಸುವುದಿಲ್ಲ ಅಂತ ಪಿಯುಸಿ ಪುಸ್ತಕದಾಗ ಐತಲ್ರಿ?" ಇದೆ. ಮರದ ಮೇಲೆ ಮರ, ಕಬ್ಬಿಣದ ಮೇಲೆ ಕಬ್ಬಿಣ ಜಾರುವಾಗ ಆ ನಿಯಮ ಸರಿಯೇ. ರಬ್ಬರು ಅದಕ್ಕೆ ಬಗ್ಗುವ ಪದಾರ್ಥವಲ್ಲ. ಗ್ರಾನೈಟಿನ ಮೈಯನ್ನು ಬೆರಳಿನಿಂದ ಸವರಿ ನೋಡಿ, ತರಿತರಿಯಾಗಿದೆ. ರಬ್ಬರು ಆ ತರಿಗಳ ಸಂದಿಗೆ ಇಳಿದು ಅಚ್ಚಿನಂತೆ ಕೂರುತ್ತದೆ. ಜಾರಬೇಕೆಂದರೆ ಪ್ರತಿಯೊಂದು ತರಿಯೂ ರಬ್ಬರನ್ನು ಬಾಗಿಸಿಕೊಂಡೇ ಹೋಗಬೇಕು. ಭಾರ ಒಂದೇ ಕಡೆ ಒತ್ತಿದಷ್ಟೂ ರಬ್ಬರಿನ ಘರ್ಷಣಾಂಕ ಇಳಿಯುತ್ತದೆ. ಅದೇ ಭಾರ ಹೆಚ್ಚು ಜಾಗಕ್ಕೆ ಹಂಚಿದರೆ ಹಿಡಿತ ಹೆಚ್ಚುತ್ತದೆ. ಗರಸಿನ ಮೇಲೆ ಟೈರಿನ ಹೆಚ್ಚು ಗುಬ್ಬಿಗಳು ಏಕಕಾಲಕ್ಕೆ ನೆಲ ಹಿಡಿಯುತ್ತವೆ. ಇನ್ನೊಂದು ಮಾತು: ಬಿಗಿ ಟೈರು ಹರಳಿನಿಂದ ಹರಳಿಗೆ ಪುಟಿಯುತ್ತದೆ. ಗಾಳಿಯಲ್ಲಿರುವ ಗಾಲಿಗೆ ಹಿಡಿತವೆಂಬುದೇ ಇಲ್ಲ.

ಗುಡ್ಡದ ಸೈಕಲ್ಲು ಹುಟ್ಟಿದ್ದೇ ದಪ್ಪ ಟೈರಿನಿಂದ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಟ್ಯಾಮಲ್‌ಪೈಸ್ ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಯಲು ಗೆಳೆಯರ ಗುಂಪೊಂದು ಆರಿಸಿಕೊಂಡದ್ದು 1930–40ರ ದಶಕದ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು, ಗುಜರಿಗೆ ಬಿದ್ದಿದ್ದವನ್ನು. 1976ರ ಅಕ್ಟೋಬರ್ 21ರಂದು ಅಲ್ಲೇ ಸಮೀಪದಲ್ಲಿ ಮೊದಲ 'ರೀಪ್ಯಾಕ್' ಪಂದ್ಯ ನಡೆಯಿತು. ಇಳಿಯುವಾಗ ಬ್ರೇಕಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗುತ್ತಿತ್ತು, ಪ್ರತಿಸಲ ಹೊಸದಾಗಿ ತುಂಬಬೇಕಿತ್ತು. ಪಂದ್ಯದ ಹೆಸರು ಬಂದದ್ದು ಅದರಿಂದಲೇ. ಮರುವರ್ಷ ಆ ಗುಂಪಿನ ಜೋ ಬ್ರೀಜ್ ಗುಡ್ಡಕ್ಕೆಂದೇ ಫ್ರೇಮು ಕಟ್ಟಿದ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಗುಡ್ಡದ ಸೈಕಲ್ ಸವಾರಿ ಪದಕದ ಆಟವಾಗಿತ್ತು. ಗೇರು, ಶಾಕ್, ಡಿಸ್ಕ್ ಬ್ರೇಕು ಎಲ್ಲ ಆಮೇಲೆ ಒಂದೊಂದಾಗಿ ಸುಧಾರಿಸಿದವು. ದಪ್ಪ ಟೈರು ಮಾತ್ರ ಮೊದಲ ದಿನದಿಂದ ಇದೆ.

ನಮ್ಮ ಕಡೆಯ ಗುಡ್ಡಗಳಲ್ಲಿ ಇನ್ನೊಂದು ಕಾಟವಿದೆ: ಮುಳ್ಳು. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕ ಖಂಡದ ಕಡೆಯಿಂದ ಬಂದ ಬಳ್ಳಾರಿ ಜಾಲಿ ಈಗ ಎಲ್ಲೆಲ್ಲೂ ಇದೆ. ನೆಲಕ್ಕೆ ಅಂಟಿ ಹಬ್ಬುವ ನೆಗ್ಗಿಲ ಕಾಯಿ ಒಣಗಿದರೆ ಐದು ಹೋಳಾಗುತ್ತದೆ. ಹೋಳು ಹೇಗೇ ಬೀಳಲಿ, ಒಂದು ಮುಳ್ಳು ಆಕಾಶ ನೋಡುತ್ತಿರುತ್ತದೆ. ಒಂದೇ ತಿರುವಿನಲ್ಲಿ ಮೂರು ಸಲ ಪಂಕ್ಚರ್ ಆದರೆ "ಆ ಜಾಗ ಸರಿ ಇಲ್ಲ, ಅಲ್ಲಿ ಏನೋ ಐತಿ" ಎನ್ನುವವರಿದ್ದಾರೆ. ಹ್ಯಾಂಡಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಾರೆ. ಓದಿದ ಹುಡುಗರೂ ಕಟ್ಟುತ್ತಾರೆ ಎಂಬುದೇ ನನಗೆ ಬೇಸರ. ಅಲ್ಲಿ ಇರುವುದು ದೆವ್ವವಲ್ಲ, ಟೈರಿನ ಒಳಮೈಯಲ್ಲಿ ಮುರಿದು ಕೂತ ಮುಳ್ಳಿನ ಮೊನೆ. ಟ್ಯೂಬು ಬದಲಿಸಿದರೆ ಸಾಲದು. ಒಂದು ಬಟ್ಟೆಯಿಂದ ಟೈರಿನ ಒಳಗೆ ಸುತ್ತಲೂ ಸವರಿ, ಬಟ್ಟೆ ಸಿಕ್ಕಿಕೊಂಡಲ್ಲಿ ಮುಳ್ಳು ಕೀಳಿ. ಆ ತಿರುವಿನ ದೆವ್ವ ಓಡಿಹೋಗುತ್ತದೆ.

ಇದಕ್ಕಿಂತ ಸೊಗಸಾದ ಉಪಾಯ ಟ್ಯೂಬ್‌ಲೆಸ್ ಟೈರಿನೊಳಗಿನ ಹಾಲಿನಂಥ ದ್ರಾವಣ. ಅದರಲ್ಲಿ ರಬ್ಬರಿನ ಹಾಲು ಮತ್ತು ಸಣ್ಣ ಕಣಗಳಿರುತ್ತವೆ. ಮುಳ್ಳು ಚುಚ್ಚಿದೊಡನೆ ಗಾಳಿ ಹೊರನುಗ್ಗುತ್ತದೆ, ದ್ರಾವಣವನ್ನೂ ಎಳೆದೊಯ್ಯುತ್ತದೆ. ಕಣಗಳು ತೂತಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ, ಹಾಲು ಅವುಗಳ ಸುತ್ತ ಹೆಪ್ಪುಗಟ್ಟುತ್ತದೆ. ಬರಿ ದ್ರವವಾದರೆ ಹರಿದುಹೋಗುತ್ತದೆ, ಬರಿ ಪುಡಿಯಾದರೆ ಉದುರಿಹೋಗುತ್ತದೆ. ಎರಡೂ ಕೂಡಿದರೆ ಗಟ್ಟಿ. ಕಿನ್ನಾಳದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2012ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಅವರ ಮರದ ಗೊಂಬೆಗಳಿಗೆ ಚಿತ್ರಗಾರರು ಬಳಿಯುವ ಕಿಟ್ಟವೂ ಹೀಗೆಯೇ: ಹುಣಸೆ ಬೀಜದ ಅಂಟು, ಅದರೊಳಗೆ ಸೆಣಬಿನ ಪುಡಿ ಮತ್ತು ಮರದ ಹೊಟ್ಟು. ಒಂದು ಎಚ್ಚರಿಕೆ: ನಮ್ಮ ಬಿಸಿಲಿಗೆ ದ್ರಾವಣ ಬೇಗ ಒಣಗುತ್ತದೆ, ಕೆಲವು ತಿಂಗಳಿಗೊಮ್ಮೆ ಮತ್ತೆ ತುಂಬಬೇಕು.

ಹಾಗೆಂದು ಗಾಳಿಯನ್ನು ಪೂರ್ತಿ ಬಿಟ್ಟುಬಿಡಬೇಡಿ. ತೀರ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ, ಅಕ್ಕಪಕ್ಕ ಎರಡು ಸೀಳು ಬೀಳುತ್ತವೆ, ರಿಮ್ಮೂ ಹಾಳಾಗುತ್ತದೆ. ಎರಡು ಇಂಚಿಗಿಂತ ಅಗಲದ ಟೈರು, ಮಧ್ಯಮ ಮೈಕಟ್ಟಿನ ಸವಾರ ಎಂದರೆ ಟ್ಯೂಬಿದ್ದಾಗ 30 ಪಾಯಿಂಟಿನಿಂದ ಶುರು ಮಾಡಿ. ಒಂದೇ ಏರನ್ನು ಮತ್ತೆ ಮತ್ತೆ ಹತ್ತುತ್ತ ಎರಡೆರಡು ಪಾಯಿಂಟ್ ಇಳಿಸಿ ನೋಡಿ. ಹಿಂದಿನ ಗಾಲಿಗೆ ಭಾರ ಹೆಚ್ಚು, ಅದರಲ್ಲಿ ಗಾಳಿ ತುಸು ಹೆಚ್ಚಿರಲಿ. ಟೈರಿನ ಪಕ್ಕದಲ್ಲಿ ಅಚ್ಚಾದ ಕನಿಷ್ಠ ಮಿತಿಗಿಂತ ಕೆಳಗೆ ಹೋಗಬೇಡಿ. ಮರಳುವಾಗ ಡಾಂಬರು ಸಿಕ್ಕೊಡನೆ ಮತ್ತೆ ತುಂಬಿಕೊಳ್ಳಿ.

ಹಿರೇಬೆಣಕಲ್ ಕಡೆ ಹೋಗುವವರಿಗೆ ಇನ್ನೊಂದು ಮಾತು. ಮೋರ್ಯರ ಗುಡ್ಡದ ಮೇಲಿನ ಶಿಲಾಸಮಾಧಿಗಳು ಎರಡು ಸಾವಿರ ವರ್ಷಕ್ಕೂ ಹಳೆಯವು. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಸೈಕಲ್ಲನ್ನು ಗುಡ್ಡದ ಬುಡದಲ್ಲೇ ಬಿಟ್ಟು ನಡೆದು ಹತ್ತಿ. ಕರಡಿ, ಚಿರತೆ ಇರುವ ಸೀಮೆಯಾದ್ದರಿಂದ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಸವಾರಿ ಬೇಡ. ಒಬ್ಬರೇ ಹೋಗುವುದೂ ಬೇಡ. ಮತ್ತೆ, ಗುಂಪಿನಲ್ಲಿ ಒಬ್ಬರ ಬಳಿಯಾದರೂ ಗಾಳಿ ಅಳೆಯುವ ಗೇಜು ಇರಲಿ. ಹೆಬ್ಬೆರಳಿನಿಂದ ಒತ್ತಿ ನೋಡಿದರೆ 25 ಪಾಯಿಂಟಿಗೂ 35ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಗೇಜಿಗೆ ತಿಳಿಯುತ್ತದೆ.