ನೆಲದೊಳಗಿನ ಕಡಲು: ಶಾರ್ಕ್ ಹಲ್ಲುಗಳ ಹುಡುಕಾಟ

ಕುನ್ನತ್ತೂರಿನ ಸುತ್ತಲಿನ ಹೊಲಗಳಲ್ಲಿ ಎಷ್ಟು ಅರಸಿದರೂ ಶಾರ್ಕ್ ಹಲ್ಲಿನ ಪಳೆಯುಳಿಕೆ ದೊರೆಯದು. ಕೊಂಗುನಾಡಿನ ನೆಲದಡಿಯ ನೈಸ್ ಮೊದಲಾದ ಶಿಲೆಗಳು ಬಹುಮಟ್ಟಿಗೆ 200 ಕೋಟಿ ವರ್ಷಗಳಿಗಿಂತಲೂ ಹಳೆಯವು; ಶಾರ್ಕ್‌ಗಳು ಹುಟ್ಟಿದ್ದು ಸುಮಾರು 40 ಕೋಟಿ ವರ್ಷಗಳಿಂದೀಚೆಗೆ. ಆದರೆ ಪೂರ್ವಕ್ಕೆ ಸಾಗಿ ತಿರುಚಿರಾಪಳ್ಳಿಯನ್ನು ದಾಟಿದರೆ ನೆಲದ ಸ್ವರೂಪವೇ ಬದಲಾಗುತ್ತದೆ. ಕ್ರಿಟೇಷಿಯಸ್ ಯುಗದಲ್ಲಿ ಪೆರಂಬಲೂರು, ಅರಿಯಲೂರು ಪ್ರದೇಶಗಳನ್ನು ಕಡಲು ಆವರಿಸಿತ್ತು. ಅದರ ಕೆಸರೇ ಇಂದಿನ ಜೇಡಿ ಮತ್ತು ಸುಣ್ಣಕಲ್ಲಿನ ಪದರಗಳಾಗಿದೆ.

ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿಯಿಂದಾದುದು. ಆದ್ದರಿಂದ ಬೇಗ ಕೊಳೆಯುತ್ತದೆ. ಹಲ್ಲುಗಳಾದರೋ ಗಟ್ಟಿ; ಜೀವಮಾನವಿಡೀ ಉದುರಿ ಮತ್ತೆ ಹುಟ್ಟುತ್ತವೆ. ಹೀಗಾಗಿಯೇ ಪದರಗಳಲ್ಲಿ ಅವು ಹೆಚ್ಚಾಗಿ ಉಳಿದಿವೆ. ಕಾರೈ ಗ್ರಾಮದ ಬಳಿ ದೊರೆತ ಟೈಕೋಡಸ್ ಎಂಬ ಶಾರ್ಕಿನ ಹಲ್ಲುಗಳು ಚೂಪಲ್ಲ, ಚಪ್ಪಟೆ. ಅದು ಚಿಪ್ಪುಜೀವಿಗಳನ್ನು ಅರೆದು ತಿನ್ನುತ್ತಿತ್ತೆಂಬುದಕ್ಕೆ ಈ ಆಕಾರವೇ ಸಾಕ್ಷಿ. ಯೂರೋಪಿನಲ್ಲಿ ಶಾರ್ಕ್ ಹಲ್ಲಿನ ಪಳೆಯುಳಿಕೆಗಳನ್ನು ಬಹುಕಾಲ ‘ನಾಲಗೆಗಲ್ಲು’ ಎಂದು ಕರೆಯುತ್ತಿದ್ದರು. 1667ರಲ್ಲಿ ನಿಕೋಲಸ್ ಸ್ಟೆನೊ ಶಾರ್ಕಿನ ತಲೆಯೊಂದನ್ನು ಪರೀಕ್ಷಿಸಿದ ಬಳಿಕ, ಅವು ಹಲ್ಲುಗಳೇ ಎಂಬ ವಾದವನ್ನು ಸಮರ್ಥವಾಗಿ ಮಂಡಿಸಿದನು. ಪಾಂಡಿಚೇರಿಯ ಬಳಿ ಕೇ ಮತ್ತು ಕನ್ಲಿಫ್ ಸಂಗ್ರಹಿಸಿದ್ದ ಮೀನಿನ ಅವಶೇಷಗಳನ್ನು ಎಗರ್ಟನ್ 1845ರಲ್ಲಿ ವಿವರಿಸಿದನು.

ಕುಟುಂಬಸಮೇತ ಹುಡುಕಲು ಹೊರಡುವವರಿಗೆ ಮಳೆ ನಿಂತ ಮೇಲಿನ ದಿನಗಳು ಅನುಕೂಲ. ನೀರು ಜೇಡಿಯನ್ನು ಕೊಚ್ಚಿಕೊಂಡು ಹೋದಾಗ ಗಟ್ಟಿಯಾದ ಹಲ್ಲು ಮೇಲ್ಮೈಯಲ್ಲಿ ಉಳಿಯುತ್ತದೆ. ನೆಲಕ್ಕೆ ಹತ್ತಿರವಿರುವ ಮಕ್ಕಳ ಕಣ್ಣಿಗೆ ಅದರ ಹೊಳಪು ಬೇಗ ಬೀಳಬಹುದು. ಹೊಳೆಯುವ ಮೇಲ್ಭಾಗ ಮತ್ತು ಮಂಕಾದ ಬೇರು ಅದರ ಗುರುತುಗಳು. ಅಗೆಯುವುದು ಸಲ್ಲದು. ಜಮೀನಿನ ಒಡೆಯರ ಅನುಮತಿ ಬೇಕು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ ಸಾತ್ತನೂರಿನ ಕಲ್ಲಾದ ಮರದಂತಹ ಸಂರಕ್ಷಿತ ತಾಣಗಳಲ್ಲಿ ಏನನ್ನೂ ಎತ್ತಬಾರದು, ಗಣಿಗಳೊಳಗೆ ಹೋಗಲೇಬಾರದು.

ಹಲ್ಲು ಕಂಡೊಡನೆ ಅದನ್ನು ಎತ್ತುವ ಮೊದಲು ಚಿತ್ರ ತೆಗೆದು ಸ್ಥಳ, ಪದರ, ದಿನಾಂಕಗಳನ್ನು ಬರೆದಿಡಬೇಕು. ಅರಿಯಲೂರಿನ ಸುಣ್ಣಕಲ್ಲನ್ನು ಸಿಮೆಂಟಿಗಾಗಿ ತೆಗೆಯುತ್ತಿರುವುದರಿಂದ ಪದರಗಳು ಕರಗುತ್ತಿವೆ. ಇಂದು ದಾಖಲಾಗದ ಸಂಗತಿ ನಾಳೆ ದಾಖಲಾಗಲಾರದು. ಶಾಸನದ ಅಧ್ಯಯನ ಮಾಡುವ ನಮಗೆ ಈ ಮಾತು ಹೊಸದಲ್ಲ. ದೊರೆತ ಊರು ತಿಳಿಯದ ಶಾಸನದ ಅಕ್ಷರಗಳನ್ನು ಓದಬಹುದು, ಆದರೆ ಅದು ಯಾವ ಊರಿನ ಚರಿತ್ರೆಗೆ ಸೇರಿದ್ದೆಂದು ಹೇಳುವುದು ಕಷ್ಟ. ತಾಣ ತಿಳಿಯದ ಹಲ್ಲು ಸಹ ಹಾಗೆಯೇ: ಅದು ಶಾರ್ಕಿನದೆಂದು ತಿಳಿಯುತ್ತದೆ, ಯಾವ ಕಡಲಿನದೆಂದು ತಿಳಿಯುವುದಿಲ್ಲ.