ಆನುವಂಶಿಕ ಮಾಹಿತಿಯ ಖಾಸಗಿತನ

ಆನುವಂಶಿಕ ಮಾಹಿತಿಯ ಖಾಸಗಿತನ ಎಂದರೆ ಡಿಎನ್‌ಎ ಪರೀಕ್ಷೆಯಿಂದ ದೊರೆತ ವಿವರಗಳನ್ನು ಯಾರು ಇಟ್ಟುಕೊಳ್ಳಬಹುದು, ಯಾವ ಉದ್ದೇಶಕ್ಕೆ ಬಳಸಬಹುದು ಎಂಬುದನ್ನು ನಿರ್ಧರಿಸಲು ವ್ಯಕ್ತಿಗಿರುವ ಹಕ್ಕು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಡಿಎನ್‌ಎಯನ್ನು ಬದಲಾಯಿಸಲಾಗದು. ಮೇಲಾಗಿ ಈ ಮಾಹಿತಿ ಒಬ್ಬರ ಸ್ವಂತದ್ದೂ ಅಲ್ಲ. ಮಗುವಿನ ಡಿಎನ್‌ಎಯಲ್ಲಿ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದಿರುತ್ತದೆ. ಅಣ್ಣತಮ್ಮಂದಿರ ಮಕ್ಕಳ ನಡುವೆ ಸರಾಸರಿ ಎಂಟನೆಯ ಒಂದು ಭಾಗ ಸಮಾನವಾಗಿರುತ್ತದೆ. ಹೀಗಾಗಿ ಒಬ್ಬರು ಜೊಲ್ಲಿನ ಮಾದರಿ ಕೊಟ್ಟರೆ, ಒಪ್ಪಿಗೆ ಕೊಡದ ಬಂಧುಗಳ ವಿವರವೂ ಭಾಗಶಃ ಹೊರಬೀಳುತ್ತದೆ.

ಬಂಧುಗಳ ಮೂಲಕ ಪತ್ತೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970 ಮತ್ತು 1980ರ ದಶಕಗಳಲ್ಲಿ ಸರಣಿ ಕೊಲೆ, ಅತ್ಯಾಚಾರಗಳನ್ನು ನಡೆಸಿದ 'ಗೋಲ್ಡನ್ ಸ್ಟೇಟ್ ಕಿಲ್ಲರ್' 2018ರ ಏಪ್ರಿಲ್‌ನಲ್ಲಿ ಸೆರೆಸಿಕ್ಕನು. ಅವನು ಯಾವ ವಂಶಾವಳಿ ತಾಣಕ್ಕೂ ಮಾದರಿ ಕೊಟ್ಟಿರಲಿಲ್ಲ. ಅಪರಾಧದ ಸ್ಥಳದಲ್ಲಿ ದೊರೆತ ಡಿಎನ್‌ಎಯನ್ನು ತನಿಖಾಧಿಕಾರಿಗಳು ಜೆಡ್‌ಮ್ಯಾಚ್ ಎಂಬ ತಾಣದಲ್ಲಿ ಹೋಲಿಸಿ, ದೂರದ ಬಂಧುಗಳನ್ನು ಗುರುತಿಸಿ, ವಂಶವೃಕ್ಷವನ್ನು ರಚಿಸುತ್ತಾ ಅವನನ್ನು ತಲುಪಿದರು. ನೊಂದ ಕುಟುಂಬಗಳಿಗೆ ನ್ಯಾಯ ದೊರೆತದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಬಂಧುಗಳು ವಿವರ ಕೊಟ್ಟದ್ದು ಪೂರ್ವಜರನ್ನು ಅರಿಯಲು, ಪೊಲೀಸರ ಶೋಧಕ್ಕಾಗಿ ಅಲ್ಲ. ಟೀಕೆಗಳ ನಂತರ 2019ರಲ್ಲಿ ತಾಣವು, ಸ್ಪಷ್ಟವಾಗಿ ಸಮ್ಮತಿಸಿದ ಬಳಕೆದಾರರ ವಿವರಗಳಷ್ಟೇ ಪೊಲೀಸರ ಹೋಲಿಕೆಗೆ ಲಭ್ಯವೆಂದು ನಿಯಮ ಬದಲಿಸಿತು.

ಸೋರಿಕೆ

2023ರಲ್ಲಿ ಟ್ವೆಂಟಿತ್ರೀ ಆಂಡ್ ಮಿ ಕಂಪನಿಯ ಸುಮಾರು 14,000 ಖಾತೆಗಳಿಗೆ, ಬೇರೆ ತಾಣಗಳಿಂದ ಸೋರಿದ್ದ ಪಾಸ್‌ವರ್ಡ್‌ಗಳನ್ನು ಬಳಸಿ ಕಳ್ಳರು ನುಗ್ಗಿದರು. ಬಂಧುಗಳನ್ನು ಹುಡುಕಿಕೊಡುವ ಸೌಲಭ್ಯದ ಮೂಲಕ ಸುಮಾರು 69 ಲಕ್ಷ ಜನರ ಮಾಹಿತಿ ಅವರ ಕೈಸೇರಿತು. ಇಲ್ಲಿಯೂ ಬಂಧುತ್ವವೇ ಬಾಗಿಲಾಯಿತು. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿದಾಗ, ಗ್ರಾಹಕರ ಡಿಎನ್‌ಎ ವಿವರಗಳೂ ಮಾರಾಟದ ಸ್ವತ್ತಾಗುವವೇ ಎಂಬ ಆತಂಕ ಮೂಡಿತು.

ಕಾನೂನು

ಅಮೆರಿಕದ 2008ರ ಕಾಯಿದೆಯು ಉದ್ಯೋಗ ಮತ್ತು ಆರೋಗ್ಯ ವಿಮೆಯಲ್ಲಿ ಆನುವಂಶಿಕ ತಾರತಮ್ಯವನ್ನು ನಿಷೇಧಿಸುತ್ತದೆ. ಜೀವವಿಮೆ ಅದರ ವ್ಯಾಪ್ತಿಗೆ ಸೇರಿಲ್ಲ.

ಭಾರತದಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 24 ಆಗಸ್ಟ್ 2017ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಡಿಎನ್‌ಎ ತಂತ್ರಜ್ಞಾನ ಮಸೂದೆಯನ್ನು 2023ರಲ್ಲಿ ಹಿಂಪಡೆಯಲಾಯಿತು. ಆದರೆ 2022ರ ದಂಡ ಪ್ರಕ್ರಿಯೆ (ಗುರುತಿಸುವಿಕೆ) ಕಾಯಿದೆಯು ಜೈವಿಕ ಮಾದರಿಗಳು ಮತ್ತು ಅವುಗಳ ವಿಶ್ಲೇಷಣೆಯ ಸಂಗ್ರಹಕ್ಕೆ ಅವಕಾಶ ನೀಡಿದ್ದು, ದಾಖಲೆಗಳನ್ನು 75 ವರ್ಷ ಕಾಪಿಡಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಆನುವಂಶಿಕ ಮಾಹಿತಿಗೆ ಪ್ರತ್ಯೇಕ ವರ್ಗವಿಲ್ಲ; ದೂರವಾಣಿ ಸಂಖ್ಯೆಗೆ ಅನ್ವಯಿಸುವ ಸಾಮಾನ್ಯ ನಿಯಮಗಳೇ ಅದಕ್ಕೂ ಅನ್ವಯಿಸುತ್ತವೆ.