ನಾಲ್ಕೇ ಜಾಗ, ಒಂದೇ ಬೆಟ್ಟ: ಲಿಕ್ಟನ್‌ಸ್ಟೈನ್ ಚಳಿಗಾಲದ ಒಲಿಂಪಿಕ್ಸ್‌ಗೆ ಹೋಗುವ ಬಗೆ

1980ರ ಫೆಬ್ರುವರಿಯಲ್ಲಿ ಅಮೆರಿಕದ ಲೇಕ್ ಪ್ಲ್ಯಾಸಿಡ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಮುಗಿದಾಗ ಪದಕಪಟ್ಟಿಯ ಮೇಲ್ಗಡೆ ಎಲ್ಲರೂ ಊಹಿಸಿದ್ದ ಹೆಸರುಗಳೇ ಇದ್ದವು. ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ, ಅಮೆರಿಕ, ಆಸ್ಟ್ರಿಯಾ, ಸ್ವೀಡನ್. ಆರನೆಯ ಸಾಲಿನಲ್ಲಿ ಎರಡು ಚಿನ್ನ, ಎರಡು ಬೆಳ್ಳಿಯೊಂದಿಗೆ ಲಿಕ್ಟನ್‌ಸ್ಟೈನ್. ಹಿಮದಲ್ಲೇ ಹುಟ್ಟಿ ಬೆಳೆಯುವ ನಾರ್ವೆ, ಫಿನ್ಲೆಂಡ್‌ಗಳು ಅದರ ಕೆಳಗೆ. ಆಗ ಈ ದೇಶದ ಜನಸಂಖ್ಯೆ ಸುಮಾರು 25 ಸಾವಿರ. ಈಗ 40 ಸಾವಿರದ ಆಸುಪಾಸು.

ಸ್ವಿಟ್ಜರ್‌ಲೆಂಡ್ ಮತ್ತು ಆಸ್ಟ್ರಿಯಾಗಳ ನಡುವೆ, ರೈನ್ ನದಿಯ ಪಕ್ಕದಲ್ಲಿ ಸಿಕ್ಕಿಕೊಂಡಿರುವ ಈ ರಾಜ್ಯದ ವಿಸ್ತೀರ್ಣ 160 ಚದರ ಕಿಲೋಮೀಟರ್, ಉದ್ದ ಸುಮಾರು 25 ಕಿಲೋಮೀಟರ್. ವಿಮಾನ ನಿಲ್ದಾಣವಿಲ್ಲ, ಸೈನ್ಯವಿಲ್ಲ, ಚಲಾವಣೆಯಲ್ಲಿರುವುದು ಸ್ವಿಸ್ ಫ್ರ್ಯಾಂಕ್. ಇಷ್ಟಾದರೂ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹತ್ತು ಪದಕ ಗೆದ್ದಿದೆ. ಹತ್ತೂ ಆಲ್ಪೈನ್ ಸ್ಕೀಯಿಂಗ್‌ನಲ್ಲಿ, ಅಂದರೆ ಇಳಿಜಾರಿನಲ್ಲಿ ಗಡಿಯಾರದ ವಿರುದ್ಧ ಜಾರುವ ಆಟದಲ್ಲಿ. ಬೇಸಿಗೆಯ ಒಲಿಂಪಿಕ್ಸ್‌ನಲ್ಲಿ ಅದರ ಖಾತೆ ಇನ್ನೂ ತೆರೆದಿಲ್ಲ.

ಇದನ್ನು ಪವಾಡ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಆಟದ ನಿಯಮಗಳನ್ನು ಬಿಡಿಸಿ ನೋಡಿದರೆ, ಪುಟ್ಟ ದೇಶಕ್ಕೆ ಬಾಗಿಲು ಎಲ್ಲಿ ತೆರೆದಿದೆ, ಆ ದೇಶ ಯಾವುದನ್ನು ನೆರೆಮನೆಯಿಂದ ತಂದುಕೊಳ್ಳುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಮೊದಲಿಗೆ ಅಂಕಗಳ ಲೆಕ್ಕ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವಾದ ಎಫ್‌ಐಎಸ್ ಪ್ರತಿ ಆಟಗಾರನಿಗೂ ಅಂಕ ಕೊಡುತ್ತದೆ. ನಮ್ಮ ಪರೀಕ್ಷೆಗಳ ಹಾಗಲ್ಲ, ಇಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಅತ್ಯುತ್ತಮ ಎಂದರೆ ಸೊನ್ನೆ. ಗೆದ್ದವನಿಗಿಂತ ನೀವು ಶೇಕಡಾ ಎಷ್ಟು ನಿಧಾನ ಎಂಬುದನ್ನು ಆಯಾ ಸ್ಪರ್ಧೆಗೆ ಗೊತ್ತುಪಡಿಸಿದ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. ಕಂಬಗಳ ನಡುವೆ ತಿರುಗುತ್ತ ಇಳಿಯುವ ಸ್ಲಾಲಂ ಸ್ಪರ್ಧೆಯಲ್ಲಿ ಈಚಿನ ವರ್ಷಗಳಲ್ಲಿ ಆ ಸಂಖ್ಯೆ 730. ಗೆದ್ದವನು 100 ಸೆಕೆಂಡಿನಲ್ಲಿ ಮುಗಿಸಿ ನೀವು 105 ತೆಗೆದುಕೊಂಡರೆ ನಿಮ್ಮ ಲೆಕ್ಕಕ್ಕೆ 36.5 ಅಂಕ. ಅದರ ಮೇಲೆ ಆ ರೇಸಿನ 'ಪೆನಾಲ್ಟಿ' ಸೇರುತ್ತದೆ. ರೇಸಿಗೆ ಬಂದವರು ಎಷ್ಟು ಗಟ್ಟಿಗರು ಎಂಬುದರ ಮೇಲೆ ಈ ಪೆನಾಲ್ಟಿ ನಿಲ್ಲುತ್ತದೆ. ವಿಶ್ವಕಪ್ ಮತ್ತು ಒಲಿಂಪಿಕ್ಸ್‌ನಲ್ಲಿ ಅದು ಸೊನ್ನೆ, ಹೆಸರಿಲ್ಲದ ಸಣ್ಣ ರೇಸುಗಳಲ್ಲಿ ದೊಡ್ಡದು. ಹೀಗಾಗಿ ದುರ್ಬಲರ ನಡುವೆ ಮೊದಲಿಗನಾಗುವುದಕ್ಕಿಂತ ಬಲಿಷ್ಠರ ನಡುವೆ ಹತ್ತನೆಯವನಾಗುವುದೇ ಎಷ್ಟೋ ಸಲ ಲಾಭ.

ಲಿಕ್ಟನ್‌ಸ್ಟೈನ್‌ನ ಹುಡುಗ ಹುಡುಗಿಯರಿಗೆ ದಕ್ಕುವ ಮೊದಲ ಅನುಕೂಲ ಇದೇ. ಬೆಳಿಗ್ಗೆ ಕಾರು ಹತ್ತಿದರೆ ಆಸ್ಟ್ರಿಯಾದಲ್ಲೋ ಸ್ವಿಟ್ಜರ್‌ಲೆಂಡಿನಲ್ಲೋ ಜಗತ್ತಿನ ಅತಿ ಕಠಿಣ ಜೂನಿಯರ್ ರೇಸುಗಳು ಕೈಗೆಟಕುತ್ತವೆ. ಗುಲ್ಮಾರ್ಗ್‌ನ ಸ್ಕೀ ಆಟಗಾರ ಆರಿಫ್ ಖಾನ್ 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಅರ್ಹತೆ ಗಳಿಸಲು ದುಬೈ, ಮಾಂಟೆನೆಗ್ರೊಗಳಿಗೆ ಅಲೆಯಬೇಕಾಯಿತು. ಬೀಜಿಂಗ್‌ನಲ್ಲಿ ಭಾರತದ ತಂಡ ಅಂದರೆ ಅವರೊಬ್ಬರೇ. ಹಿಮ ಅವರ ಊರಲ್ಲೂ ಧಾರಾಳವಾಗಿ ಬೀಳುತ್ತದೆ. ಅಂಕ ತಗ್ಗಿಸುವ ರೇಸುಗಳು ಅಲ್ಲಿಗೆ ಬರುವುದಿಲ್ಲ, ಅಷ್ಟೇ.

ಎರಡನೆಯದು ಜಾಗ ಹಂಚಿಕೆ. ನನ್ನ ಲೆಕ್ಕದಲ್ಲಿ ಇಡೀ ಕಥೆಯ ಕೀಲಿ ಇರುವುದು ಇಲ್ಲಿ. ಒಲಿಂಪಿಕ್ಸ್‌ನ ಆಲ್ಪೈನ್ ಸ್ಪರ್ಧೆಗಳಲ್ಲಿ ಒಂದು ದೇಶದಿಂದ ಒಂದು ಸ್ಪರ್ಧೆಗೆ ನಾಲ್ವರು ಮಾತ್ರ ಇಳಿಯಬಹುದು. ಪುರುಷರು ಮಹಿಳೆಯರು ಸೇರಿ ಇಡೀ ತಂಡ 22 ದಾಟುವಂತಿಲ್ಲ. ಆಸ್ಟ್ರಿಯಾಕ್ಕೆ ಇದು ತಲೆನೋವಿನ ಮಾತು. ಅಲ್ಲಿ ಒಂದೊಂದು ಸ್ಪರ್ಧೆಗೂ ಪದಕದ ಆಸೆ ಇಟ್ಟುಕೊಂಡವರು ನಾಲ್ವರಿಗಿಂತ ಹೆಚ್ಚು ಇರುವ ವರ್ಷಗಳುಂಟು. ಒಲಿಂಪಿಕ್ಸ್‌ಗೆ ಮುಂಚಿನ ಜನವರಿಯ ವಿಶ್ವಕಪ್ ರೇಸುಗಳು ಅವರಿಗೆ ತಮ್ಮವರೊಡನೆಯೇ ನಡೆಯುವ ಕಾಳಗ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಾದರೆ ಹಾಲಿ ಚಾಂಪಿಯನ್ ಇರುವ ದೇಶಕ್ಕೆ ಐದನೆಯ ಜಾಗ ಸಿಗುತ್ತದೆ, ಒಲಿಂಪಿಕ್ಸ್‌ನಲ್ಲಿ ಆ ರಿಯಾಯಿತಿಯೂ ಇಲ್ಲ. ಜಗತ್ತಿನ ಆರನೆಯ ಅತ್ಯುತ್ತಮ ಆಟಗಾರ ಮನೆಯಲ್ಲಿ ಕೂತು ಟಿವಿ ನೋಡುವುದು ಆಸ್ಟ್ರಿಯಾದಲ್ಲಿ ಸಾಧ್ಯ, ಲಿಕ್ಟನ್‌ಸ್ಟೈನ್‌ನಲ್ಲಿ ಅಸಾಧ್ಯ.

ಈ ಮಿತಿಯಿಂದ ಮಿಗುವ ಜಾಗಗಳು ಸಣ್ಣ ದೇಶಗಳಿಗೆ ಹರಿಯುತ್ತವೆ. ಅಗ್ರ ಪಟ್ಟಿಯಲ್ಲಿ ಯಾರೂ ಇಲ್ಲದ ದೇಶವೂ ಒಂದು ನಿಗದಿತ ಮಟ್ಟದ ಅಂಕ ತೋರಿಸಿದರೆ ಸ್ಲಾಲಂ, ಜೈಂಟ್ ಸ್ಲಾಲಂಗಳಿಗೆ ಒಬ್ಬ ಪುರುಷ, ಒಬ್ಬ ಮಹಿಳೆಯನ್ನು ಕಳಿಸಬಹುದು. ವೇಗದ ಸ್ಪರ್ಧೆಗಳಾದ ಡೌನ್‌ಹಿಲ್, ಸೂಪರ್-ಜಿಗಳಿಗೆ ಅಳತೆ ಬಿಗಿ. ಗಂಟೆಗೆ ನೂರು ಕಿಲೋಮೀಟರ್ ದಾಟುವ ಓಟದಲ್ಲಿ ಅನನುಭವಿ ಇದ್ದರೆ ಜೀವಕ್ಕೇ ಕುತ್ತು.

ಇನ್ನು ಬೆಟ್ಟ. ಲಿಕ್ಟನ್‌ಸ್ಟೈನ್‌ಗೆ ಇರುವ ಸ್ಕೀ ತಾಣ ಒಂದೇ, ಮಾಲ್ಬುನ್. ಊರು ಇರುವುದು 1,600 ಮೀಟರ್ ಎತ್ತರದಲ್ಲಿ, ಲಿಫ್ಟ್‌ಗಳು ಏರುವುದು ಸುಮಾರು 2,000 ಮೀಟರ್‌ವರೆಗೆ. ಪುರುಷರ ಒಲಿಂಪಿಕ್ ಡೌನ್‌ಹಿಲ್‌ಗೆ ಮೇಲಿನಿಂದ ಕೆಳಗೆ ಕನಿಷ್ಠ 800 ಮೀಟರ್ ಇಳಿತ ಬೇಕು. ಮಾಲ್ಬುನ್ ಕೊಡುವುದು ಅದರ ಅರ್ಧ. ಸ್ಲಾಲಂಗಾದರೆ 200 ಮೀಟರ್ ಸಾಕು. ಕಂಬದಿಂದ ಕಂಬಕ್ಕೆ ಮೈ ತಿರುಗಿಸುತ್ತ ಹೋಗುವ ಈ ಆಟವನ್ನು ದಿನಕ್ಕೆ ಹತ್ತಾರು ಬಾರಿ ಅಭ್ಯಾಸ ಮಾಡಲು ಸಣ್ಣ ಬೆಟ್ಟವೇ ವಾಸಿ, ಮತ್ತೆ ಮೇಲಕ್ಕೆ ಹೋಗಲು ಹೆಚ್ಚು ಹೊತ್ತು ಬೇಡ. ಹತ್ತು ಪದಕಗಳಲ್ಲಿ ಐದು ಸ್ಲಾಲಂನಲ್ಲಿ, ಮೂರು ಜೈಂಟ್ ಸ್ಲಾಲಂನಲ್ಲಿ ಬಂದಿವೆ ಎನ್ನುವುದನ್ನು ನಾನು ಬರೀ ಕಾಕತಾಳೀಯ ಎಂದುಕೊಳ್ಳಲಾರೆ.

ಬೆಟ್ಟ ಮಾತ್ರವಲ್ಲ, ಮನೆಗಳೂ ಕೆಲವೇ. ಹತ್ತರಲ್ಲಿ ಏಳು ಪದಕ ಒಂದೇ ಮನೆತನಕ್ಕೆ ಸೇರಿವೆ. ಹ್ಯಾನಿ ವೆನ್ಝೆಲ್ ಹುಟ್ಟಿದ್ದು ಜರ್ಮನಿಯಲ್ಲಿ. ಆಕೆ ಕೂಸಾಗಿದ್ದಾಗಲೇ ಕುಟುಂಬ ಲಿಕ್ಟನ್‌ಸ್ಟೈನ್‌ಗೆ ಬಂತು. 1974ರಲ್ಲಿ ಸೇಂಟ್ ಮೊರಿಟ್ಝ್‌ನಲ್ಲಿ ಸ್ಲಾಲಂ ವಿಶ್ವ ಚಾಂಪಿಯನ್ ಆದ ಮೇಲೆ ಆಕೆಗೆ ಪೌರತ್ವ ಸಿಕ್ಕಿತು. ಒಲಿಂಪಿಕ್ಸ್‌ನಲ್ಲಿ ಆಡಲು ಆ ದೇಶದ ಪ್ರಜೆಯಾಗಿರಲೇಬೇಕು, ಆದ್ದರಿಂದ ಆ ಕಾಗದಕ್ಕೆ ಪದಕದಷ್ಟೇ ಬೆಲೆ. 1976ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಕಂಚು. 1980ರಲ್ಲಿ ಸ್ಲಾಲಂ, ಜೈಂಟ್ ಸ್ಲಾಲಂ ಎರಡರಲ್ಲೂ ಚಿನ್ನ, ಡೌನ್‌ಹಿಲ್‌ನಲ್ಲಿ ಬೆಳ್ಳಿ. ತಮ್ಮ ಆಂಡ್ರಿಯಾಸ್ ಅದೇ ಕೂಟದ ಜೈಂಟ್ ಸ್ಲಾಲಂನಲ್ಲಿ ಸ್ವೀಡನ್ನಿನ ಇಂಗೆಮಾರ್ ಸ್ಟೆನ್‌ಮಾರ್ಕ್ ಹಿಂದೆ ಬೆಳ್ಳಿ ಪಡೆದ. ನಾಲ್ಕು ವರ್ಷದ ಬಳಿಕ ಕಂಚು. 1980ರ ವಿಶ್ವಕಪ್‌ನ ಸಮಗ್ರ ಪ್ರಶಸ್ತಿ ಮಹಿಳೆಯರಲ್ಲಿ ಅಕ್ಕನಿಗೆ, ಪುರುಷರಲ್ಲಿ ತಮ್ಮನಿಗೆ. ಉಳಿದ ಮೂರು ಪದಕಗಳಲ್ಲಿ ಎರಡು ವಿಲ್ಲಿ ಮತ್ತು ಪಾಲ್ ಫ್ರೊಮ್ಮೆಲ್ಟ್ ಎಂಬ ಅಣ್ಣತಮ್ಮಂದಿರದು, ಒಂದು ಉರ್ಸುಲಾ ಕೊನ್ಝೆಟ್ ಅವರದು.

ಒಂದು ಪೀಳಿಗೆಯಲ್ಲಿ ಒಂದೆರಡು ಮನೆಗಳಲ್ಲಿ ಪ್ರತಿಭೆ ಮೂಡಿದರೆ ದೇಶಕ್ಕೆ ಸುಗ್ಗಿ, ಮೂಡದಿದ್ದರೆ ಬರ. 1988ರ ನಂತರ ಮುಂದಿನ ಪದಕಕ್ಕೆ ಮೂವತ್ತು ವರ್ಷ ಹಿಡಿಯಿತು. ಸ್ವಿಟ್ಜರ್‌ಲೆಂಡಿನಂಥ ದೇಶದಲ್ಲಿ ಒಬ್ಬರು ಗಾಯಗೊಂಡರೆ ಇನ್ನೊಬ್ಬರು ಇರುತ್ತಾರೆ, ಇಲ್ಲಿ ಒಬ್ಬರ ಮೊಣಕಾಲೇ ರಾಷ್ಟ್ರೀಯ ಸುದ್ದಿ. ಹ್ಯಾನಿಯ ಮಗಳು ಟೀನಾ ವೈರಾಥರ್ ಗಾಯದಿಂದಾಗಿ 2010ರ ವ್ಯಾಂಕೂವರ್ ಒಲಿಂಪಿಕ್ಸ್‌ಗೆ ಹೋಗಲಾರದೆ ಹೋದಳು. 2014ರಲ್ಲಿ ಸೋಚಿಗೆ ಹೋಗಿ, ಧ್ವಜ ಹಿಡಿದು ನಡೆದು, ಅಭ್ಯಾಸದಲ್ಲಿ ಬಿದ್ದು ಒಂದೂ ರೇಸ್ ಓಡದೆ ವಾಪಸಾದಳು.

ರೇಸಿನ ದಿನ ಸಣ್ಣ ತಂಡದ ಕಷ್ಟ ಬೇರೆಯೇ. ಟಿವಿಯಲ್ಲಿ ಇದು ಒಬ್ಬರ ಆಟದಂತೆ ಕಾಣುತ್ತದೆ. ಬೆಟ್ಟದ ಮೇಲೆ ಹಾಗಿಲ್ಲ. ಬೆಳಿಗ್ಗೆ ಆಟಗಾರರು ದಾರಿ ಗುರುತಿಸುವ ಕಂಬಗಳ, ಅಂದರೆ ಗೇಟ್‌ಗಳ ಪಕ್ಕದಲ್ಲಿ ನಿಧಾನವಾಗಿ ಜಾರುತ್ತ ದಾರಿಯನ್ನು ಬಾಯಿಪಾಠ ಮಾಡುತ್ತಾರೆ. ಡೌನ್‌ಹಿಲ್‌ಗೆ ಅಭ್ಯಾಸದ ಓಟಗಳಿವೆ. ಸೂಪರ್-ಜಿಗೆ ಅದೂ ಇಲ್ಲ, ನೋಡಿಕೊಂಡದ್ದೇ ಬಂತು. ರೇಸ್ ಶುರುವಾದ ಮೇಲೆ ದೊಡ್ಡ ತಂಡಗಳ ಕೋಚ್‌ಗಳು ದಾರಿಯುದ್ದಕ್ಕೂ ತಿರುವುಗಳಲ್ಲಿ ನಿಂತಿರುತ್ತಾರೆ. ಮೊದಲು ಇಳಿದವರು ಎಲ್ಲಿ ಎಡವಿದರು, ಯಾವ ತಿರುವಿನಲ್ಲಿ ಹಿಮ ಒಡೆದಿದೆ, ದಿಬ್ಬದಾಚೆಯ ಗೇಟಿಗೆ ಎಷ್ಟು ಮುಂಚೆ ತಿರುಗಬೇಕು ಎಂಬುದನ್ನೆಲ್ಲ ರೇಡಿಯೊದಲ್ಲಿ ಮೇಲಕ್ಕೆ ಮುಟ್ಟಿಸುತ್ತಾರೆ. ತಂಡದ ಮೊದಲ ಆಟಗಾರ್ತಿ ಕೆಳಗೆ ತಲುಪಿ ಉಸಿರು ಬಿಡುವ ಮೊದಲೇ ರೇಡಿಯೊ ಹಿಡಿದು ಉಳಿದ ಮೂವರಿಗೆ ವರದಿ ಒಪ್ಪಿಸುತ್ತಾಳೆ. ಒಬ್ಬಳೇ ಇರುವ ತಂಡದಲ್ಲಿ ಯಾರು ಯಾರಿಗೆ ಹೇಳಬೇಕು?

ಇದಕ್ಕೆ ಲಿಕ್ಟನ್‌ಸ್ಟೈನ್ ಕಂಡುಕೊಂಡ ದಾರಿ ಸರಳ: ನೆರೆಯವರ ಜೊತೆ ಸೇರಿಕೊಳ್ಳುವುದು. ಟೀನಾ ವರ್ಷವಿಡೀ ಸ್ವಿಸ್ ಮಹಿಳಾ ತಂಡದ ಜೊತೆ ತರಬೇತಿ ಪಡೆಯುತ್ತಿದ್ದಳು. ಮೇಲಕ್ಕೇರಿದ ಆಟಗಾರರಿಗೆ ಸ್ಕೀಗಳ ವಿಷಯದಲ್ಲಿ ದೇಶದ ಗಾತ್ರ ಲೆಕ್ಕಕ್ಕೇ ಬರುವುದಿಲ್ಲ. ಸ್ಕೀ ತಯಾರಿಸುವ ಕಂಪನಿಗಳೇ ಅವರೊಡನೆ ಒಪ್ಪಂದ ಮಾಡಿಕೊಂಡು ಸ್ಕೀಗಳನ್ನೂ ಅವನ್ನು ಸಿದ್ಧಪಡಿಸುವ ಸರ್ವಿಸ್‌ಮ್ಯಾನ್‌ನನ್ನೂ ಒದಗಿಸುತ್ತವೆ. ಅಂಚನ್ನು ಹದ ಹಿಡಿದು ಮಸೆಯುವುದು, ಅಂದಿನ ಹಿಮದ ಉಷ್ಣಾಂಶಕ್ಕೆ ತಕ್ಕ ವ್ಯಾಕ್ಸ್ ಹಚ್ಚುವುದು, ಹತ್ತಾರು ಜೊತೆಗಳಲ್ಲಿ ಆವತ್ತಿಗೆ ಯಾವುದು ಜೋರು ಎಂದು ಪರೀಕ್ಷಿಸುವುದು ಆತನ ಕೆಲಸ. ಕಂಪನಿಗೆ ಬೇಕಾದದ್ದು ವೇದಿಕೆಯ ಮೇಲೆ ತನ್ನ ಹೆಸರು. ಅದನ್ನು ಎತ್ತಿ ಹಿಡಿಯುವವಳು ಯಾವ ದೇಶದವಳಾದರೂ ಅದಕ್ಕೆ ಚಿಂತೆಯಿಲ್ಲ.

(ಈ ಕಂಪನಿಗಳ ಹಣವೇ ಒಮ್ಮೆ ಮುಳುವಾಯಿತು. ಒಲಿಂಪಿಕ್ಸ್ ಹವ್ಯಾಸಿಗಳಿಗಷ್ಟೇ ಎಂಬ ನಿಯಮವಿದ್ದ ಕಾಲ ಅದು. ಜಾಹೀರಾತಿನ ದುಡ್ಡನ್ನು ಒಕ್ಕೂಟದ ಮೂಲಕ ಪಡೆಯದೆ ನೇರವಾಗಿ ಪಡೆದರೆಂಬ ಕಾರಣಕ್ಕೆ ಹ್ಯಾನಿ ವೆನ್ಝೆಲ್ ಮತ್ತು ಸ್ಟೆನ್‌ಮಾರ್ಕ್ ಇಬ್ಬರಿಗೂ 1984ರ ಸರಾಯೆವೊಗೆ ಪ್ರವೇಶ ಸಿಗಲಿಲ್ಲ. ಲೇಕ್ ಪ್ಲ್ಯಾಸಿಡ್‌ನ ಸ್ಲಾಲಂ, ಜೈಂಟ್ ಸ್ಲಾಲಂಗಳ ನಾಲ್ಕೂ ಚಿನ್ನ ಗೆದ್ದಿದ್ದವರು ಈ ಇಬ್ಬರೇ. ದುಡ್ಡು ಯಾವ ಕೈಯಿಂದ ಯಾವ ಕೈಗೆ ಹೋಯಿತು ಎಂಬುದಕ್ಕೆ ಇಷ್ಟು ದೊಡ್ಡ ಶಿಕ್ಷೆ ಇಂದು ನಗೆಪಾಟಲು.)

ಈ ಎಲ್ಲ ಏರ್ಪಾಡೂ ಒಟ್ಟಿಗೆ ಕಾಣಸಿಗುವುದು 2018ರ ಪ್ಯೊಂಗ್‌ಚಾಂಗ್‌ನ ಮಹಿಳೆಯರ ಸೂಪರ್-ಜಿಯಲ್ಲಿ. ಇಡೀ ಕೂಟಕ್ಕೆ ಲಿಕ್ಟನ್‌ಸ್ಟೈನ್ ಕಳಿಸಿದ್ದು ಮೂವರನ್ನು. ಟೀನಾ 1 ನಿಮಿಷ 21.22 ಸೆಕೆಂಡಿನಲ್ಲಿ ಇಳಿದಳು. ಆಸ್ಟ್ರಿಯಾದ ಆನಾ ವೈತ್ ಅವಳಿಗಿಂತ ಮುಂದಿದ್ದಳು. ಚಿನ್ನ ವೈತ್‌ಳದೇ ಎಂದು ಹೆಚ್ಚಿನವರು ತೀರ್ಮಾನಿಸಿಯೂ ಆಗಿತ್ತು. ಆಗ 26ನೇ ನಂಬರಿನ ಬಿಬ್ ತೊಟ್ಟ ಜೆಕ್ ದೇಶದ ಎಸ್ಟರ್ ಲೆಡೆಟ್ಸ್‌ಕಾ ಬಂದು 21.11ರಲ್ಲಿ ಮುಗಿಸಿದಳು. ಸ್ನೋಬೋರ್ಡ್‌ಗೆ ಹೆಸರಾದ ಆಕೆ ಫಲಕದ ಮುಂದೆ ನಂಬಲಾರದೆ ನಿಂತ ದೃಶ್ಯ ಜಗತ್ತೆಲ್ಲ ಸುತ್ತಿತು. ಆ ಗದ್ದಲದಲ್ಲಿ ಕೆಳಗಿನ ಸಾಲನ್ನು ಗಮನಿಸಿದವರು ಕಡಿಮೆ. ಟೀನಾ ಬೆಳ್ಳಿಯಿಂದ ಕಂಚಿಗಿಳಿದಳು. ನಾಲ್ಕನೆಯ ಸ್ಥಾನಕ್ಕೆ ತಳ್ಳಲ್ಪಟ್ಟವಳು ಸ್ವಿಟ್ಜರ್‌ಲೆಂಡಿನ ಲಾರಾ ಗುಟ್, 21.23. ತರಬೇತಿಗೆ ಜಾಗ ಕೊಟ್ಟ ನೆರೆಮನೆಯ ತಂಡದವಳನ್ನೇ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಹಿಂದಿಕ್ಕಿ ಬಂದ ಪದಕ ಅದು. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಕ್ರಮಿಸುವ ದೂರ 25 ಸೆಂಟಿಮೀಟರ್, ಒಂದು ಗೇಣಿಗಿಂತ ತುಸು ಹೆಚ್ಚು.

ಟೀನಾಳ ತಂದೆ ಹಾರ್ಟಿ ವೈರಾಥರ್ ಆಸ್ಟ್ರಿಯಾದವರು, 1982ರ ಡೌನ್‌ಹಿಲ್ ವಿಶ್ವ ಚಾಂಪಿಯನ್. ಮಗಳು ಆಡಿದ್ದು ಅಮ್ಮನ ದೇಶಕ್ಕೆ. ತಂದೆಯ ದೇಶದ ನಾಲ್ಕು ಜಾಗಗಳಿಗಾಗಿ ಆಕೆ ಕಾದಾಡಬೇಕಾಗಲಿಲ್ಲ. 2020ರಲ್ಲಿ ನಿವೃತ್ತಿಯಾದಳು.

ಮುಂದಿನ ಸಲ ಚಳಿಗಾಲದ ಒಲಿಂಪಿಕ್ಸ್‌ನ ಸ್ಲಾಲಂ ಅಥವಾ ಜೈಂಟ್ ಸ್ಲಾಲಂ ನೋಡುವವರಿಗೆ ಒಂದು ಸೂಚನೆ. ಇವು ಎರಡು ಸುತ್ತಿನ ಸ್ಪರ್ಧೆಗಳು. ವಿಶ್ವಕಪ್‌ನಲ್ಲಿ ಮೊದಲ ಸುತ್ತಿನ ಅಗ್ರ ಮೂವತ್ತು ಮಂದಿಗಷ್ಟೇ ಎರಡನೆಯ ಸುತ್ತು. ಒಲಿಂಪಿಕ್ಸ್‌ನಲ್ಲಿ ಮೊದಲ ಸುತ್ತು ಮುಗಿಸಿದ ಎಲ್ಲರಿಗೂ ಅವಕಾಶ. ಎರಡನೆಯ ಸುತ್ತಿನಲ್ಲಿ ಅಗ್ರ ಮೂವತ್ತರ ಕ್ರಮ ತಲೆಕೆಳಗಾಗುತ್ತದೆ: ಮೂವತ್ತನೆಯವರು ಮೊದಲು, ಮುಂದಿದ್ದವರು ಆ ಗುಂಪಿನ ಕೊನೆಗೆ. ಅವರು ಕೆಳಗೆ ಮುಟ್ಟಿದೊಡನೆ ಪದಕ ಯಾರಿಗೆಂದು ಗೊತ್ತಾಗಿ ಪ್ರಸಾರಕರು ಸ್ಟುಡಿಯೊಗೆ ಮರಳುತ್ತಾರೆ. ಆದರೆ ರೇಸ್ ಇನ್ನೂ ನಡೆದಿರುತ್ತದೆ. ಬೀಜಿಂಗ್‌ನ ಜೈಂಟ್ ಸ್ಲಾಲಂನಲ್ಲಿ ಆರಿಫ್ ಖಾನ್ 45ನೆಯವರಾಗಿ ಗುರಿ ಮುಟ್ಟಿದ್ದು ಆಮೇಲೆ.